ಬಣ್ಣದಚ್ಚಿನ ಬಾಬು, ಕರ್ಕಿಯ ಇಗ್ಗಪ್ಪ

ಕುಮಟೆ, ಹೊನ್ನಾವರದ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ, ಗೋಡೆಯ ಮೇಲ್ಭಾಗದಲ್ಲಿ, ಕಟ್ಟು ಹಾಕಿಸಿದ ಬಣ್ಣದ ಪಟಗಳ ಸಾಲೊಂದು ತೂಗಿರುವುದನ್ನು ನೀವು ನೋಡಿರಬಹುದು. ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಶ್ರೀರಾಮ ಪಟ್ಟಾಭಿಷೇಕ. ದೀಪದ ಹೊಗೆ, ಮಳೆಗಾಲದ ತೇವ ಎರಡೂ ಸೇರಿ ಬಣ್ಣ ಮಾಸಿರುತ್ತದೆ. ಹಬ್ಬದ ಹಿಂದಿನ ದಿನ ಧೂಳು ಒರೆಸುವವರನ್ನು ಬಿಟ್ಟರೆ ಅವುಗಳತ್ತ ತಲೆಯೆತ್ತಿ ನೋಡುವವರು ಕಡಿಮೆ. ಈ ಪಟಗಳನ್ನು ಹೊರತಂದದ್ದು ಹತ್ತೊಂಬತ್ತನೆಯ ಶತಮಾನದ ಒಂದು ಹೊಸ ಅಚ್ಚಿನ ವಿದ್ಯೆ. ಅದೇ ವಿದ್ಯೆ ದೇವರ ಜೊತೆಗೆ ಮನುಷ್ಯರನ್ನೂ ಅಚ್ಚು ಹಾಕಿತು. ಪಟ್ಟಣದ ಶೋಕಿ, ಕುಡಿತ, ನಾಟಕಶಾಲೆ, ಜೂಜು, ಪರಸ್ತ್ರೀ ಪರಪುರುಷರ ಮೋಹ ಎಲ್ಲವನ್ನೂ ಲೇವಡಿ ಮಾಡುವ ಚಿತ್ರಗಳು ಬೀದಿಬೀದಿಯಲ್ಲಿ ಮಾರಾಟವಾದವು. ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರವರೆಗಿನ ಅವಧಿ ಈ ಚಿತ್ರಗಳ ಸುಗ್ಗಿಯ ಕಾಲ.

ಇವನ್ನು ಕೇವಲ ತಮಾಷೆಯ ಕಾಗದ ಎಂದು ತಳ್ಳಿಹಾಕುವಂತಿಲ್ಲ. ನಗೆಚಿತ್ರವೊಂದು ಯಾರನ್ನು ನಗೆಗೀಡು ಮಾಡುತ್ತದೆ, ಯಾರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ ಎಂದು ನೋಡಿದರೆ ಆ ಕಾಲದ ನ್ಯಾಯಾನ್ಯಾಯದ ಲೆಕ್ಕ ತಿಳಿಯುತ್ತದೆ. ಆ ಲೆಕ್ಕವನ್ನು ಲಂಡನ್ನಿನಿಂದ ಆರಂಭಿಸಿ, ಕಲಕತ್ತೆ, ಮುಂಬಯಿಗಳ ಮೂಲಕ ನಮ್ಮ ಕರಾವಳಿಯ ಕರ್ಕಿ ಗ್ರಾಮದವರೆಗೆ ಹಿಂಬಾಲಿಸಿ ನೋಡೋಣ.

ಕಲ್ಲು, ಜಿಡ್ಡು, ನೀರು

ಮೊದಲು ಅಚ್ಚಿನ ಗುಟ್ಟು. ನಮ್ಮಲ್ಲಿ ಇದಕ್ಕೆ ಕಲ್ಲಚ್ಚು ಎಂಬ ಒಳ್ಳೆಯ ಹೆಸರಿದೆ. 1796ರ ಸುಮಾರಿಗೆ ಬವೇರಿಯಾದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಎಂಬಾತ ಇದನ್ನು ಕಂಡುಹಿಡಿದ. ನಾಟಕ ಬರೆಯುತ್ತಿದ್ದ ಈತನಿಗೆ ತನ್ನ ಬರಹವನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿ ಬೇಕಿತ್ತು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುವುದು. ಕಲ್ಲನ್ನು ನೀರಿನಿಂದ ಒದ್ದೆ ಮಾಡುವುದು. ಮೇಲೆ ಎಣ್ಣೆ ಬೆರೆತ ಮಸಿಯ ಉರುಳೆ ಹಾಯಿಸುವುದು. ಒದ್ದೆಯಾದ ಜಾಗ ಮಸಿಯನ್ನು ದೂಡುತ್ತದೆ, ಜಿಡ್ಡಿದ್ದ ಜಾಗ ಹಿಡಿದುಕೊಳ್ಳುತ್ತದೆ. ಕಾಗದ ಒತ್ತಿದರೆ ಚಿತ್ರ ಮೂಡಿತು. ಮರ ಕೊರೆಯುವ ಶ್ರಮವಿಲ್ಲ, ತಾಮ್ರ ಗೀರುವ ಖರ್ಚಿಲ್ಲ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ್ದನ್ನು ದಿನವೂ ನೋಡುವ ನಮ್ಮ ಕಡೆಯವರಿಗೆ ಈ ತತ್ವವನ್ನು ವಿವರಿಸಲು ಪ್ರಯೋಗಶಾಲೆ ಬೇಕಿಲ್ಲ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಇಂಥ ಕಲ್ಲಚ್ಚಿನಲ್ಲೇ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅಂದರೆ ಈ ವಿದ್ಯೆ ನಮ್ಮ ಕರಾವಳಿಗೆ ಬರಲು ಐವತ್ತು ವರ್ಷವೂ ಹಿಡಿಯಲಿಲ್ಲ.

ಇನ್ನು ಬಣ್ಣ. ಆರಂಭದಲ್ಲಿ ಕಪ್ಪು ಅಚ್ಚಿನ ಮೇಲೆ ಕುಂಚದಿಂದ ಬಣ್ಣ ತುಂಬುತ್ತಿದ್ದರು. 1837ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದ ವರ್ಷವೇ, ಫ್ರಾನ್ಸಿನ ಗೊಡೆಫ್ರಾ ಎಂಗೆಲ್‌ಮನ್ ಬಣ್ಣದ ಕಲ್ಲಚ್ಚಿಗೆ ಹಕ್ಕುಪತ್ರ ಪಡೆದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಳದಿಯ ಕಲ್ಲು, ಕೆಂಪಿನ ಕಲ್ಲು, ನೀಲಿಯ ಕಲ್ಲು ಹೀಗೆ ಒಂದೇ ಕಾಗದ ಹತ್ತು ಹನ್ನೆರಡು ಕಲ್ಲುಗಳ ಮೇಲೆ ಹಾಯ್ದು ಬರಬೇಕು. ಒಂದು ಕಲ್ಲು ಕೂದಲೆಳೆಯಷ್ಟು ಜರುಗಿದರೂ ಸರಸ್ವತಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ! ಹಳೆಯ ಪಟಗಳಲ್ಲಿ ಇಂಥ ಜಾರಿದ ತುಟಿಗಳು ಅಪರೂಪವೇನಲ್ಲ.

ಸೀಸೆಯ ಕಥೆ

ಇಂಗ್ಲೆಂಡಿನಲ್ಲಿ ಚಿತ್ರದಿಂದ ಪಟ್ಟಣವನ್ನು ಚುಚ್ಚುವ ಪರಂಪರೆ ವಿಕ್ಟೋರಿಯಾಗಿಂತ ನೂರು ವರ್ಷ ಹಳೆಯದು. ವಿಲಿಯಂ ಹೋಗಾರ್ತ್ 1735ರಲ್ಲಿ ಹೊರತಂದ ಎಂಟು ಚಿತ್ರಗಳ ಸರಣಿಯಲ್ಲಿ, ಅಪ್ಪನ ಆಸ್ತಿ ಕೈಗೆ ಬಂದ ಯುವಕನೊಬ್ಬ ದರ್ಜಿ, ನೃತ್ಯದ ಗುರು, ವೇಶ್ಯಾಗೃಹ, ಜೂಜುಕಟ್ಟೆಗಳನ್ನು ದಾಟಿ ಕೊನೆಗೆ ಹುಚ್ಚಾಸ್ಪತ್ರೆ ಸೇರುತ್ತಾನೆ. ಒಂದರ ಪಕ್ಕ ಒಂದು ಇಟ್ಟು ಓದುವ ಚಿತ್ರಕಥೆ ಅದು.

ವಿಕ್ಟೋರಿಯಾ ಕಾಲದಲ್ಲಿ ಇದೇ ದಾರಿ ಹಿಡಿದವನು ಜಾರ್ಜ್ ಕ್ರೂಕ್‌ಶಾಂಕ್. 1847ರಲ್ಲಿ ಅವನ 'ದಿ ಬಾಟಲ್' ಬಂತು. ಇದರಲ್ಲೂ ಎಂಟು ಚಿತ್ರ. ಬಹುಮಟ್ಟಿಗೆ ಒಂದೇ ಮಸಿಯವಾದರೂ ಮುಂದಿನ ಬಣ್ಣದ ನೀತಿಚಿತ್ರಗಳಿಗೆಲ್ಲ ಇವು ಮೇಲ್ಪಂಕ್ತಿ. ಮೊದಲ ಚಿತ್ರದಲ್ಲಿ ಬೆಚ್ಚನೆಯ ಮನೆ, ಊಟ ಮುಗಿಸಿದ ಸಂಸಾರ, ಆಡುವ ಬೆಕ್ಕಿನ ಮರಿ. ಗಂಡ ಮೊದಲ ಬಾರಿಗೆ ಸೀಸೆ ತೆಗೆದು, ಹೆಂಡತಿಗೂ ಒಂದು ಗುಟುಕು ಕುಡಿಯೆಂದು ಒತ್ತಾಯ ಮಾಡುತ್ತಾನೆ. ಎರಡನೆಯದರಲ್ಲಿ ಅವನ ಕೆಲಸ ಹೋಗಿದೆ. ಮೂರನೆಯದರಲ್ಲಿ ಸಾಮಾನು ಜಪ್ತಿ. ಆಮೇಲೆ ಬೀದಿಯಲ್ಲಿ ಭಿಕ್ಷೆ, ಕೂಸಿನ ಸಾವು, ಜಗಳ. ಏಳನೆಯದರಲ್ಲಿ ಅದೇ ಸೀಸೆಯಿಂದ ಹೊಡೆದು ಹೆಂಡತಿಯನ್ನು ಕೊಂದಿದ್ದಾನೆ. ಎಂಟನೆಯದರಲ್ಲಿ ಹುಚ್ಚಾಸ್ಪತ್ರೆ. ಅಗ್ಗದ ಬೆಲೆಯ ಈ ಕಂತೆ ಭಾರೀ ಮಾರಾಟವಾಯಿತು, ಅದೇ ವರ್ಷ ನಾಟಕವೂ ಆಯಿತು. ಕ್ರೂಕ್‌ಶಾಂಕ್ ತಾನೇ ಕುಡಿತ ಬಿಟ್ಟು ಪಾನವಿರೋಧಿ ಚಳವಳಿಗೆ ಧುಮುಕಿದ. ಮರುವರ್ಷ ಬಂದ ಮುಂದಿನ ಸರಣಿಯಲ್ಲಿ ಕುಡುಕನ ಮಗ ಕಳ್ಳನಾಗಿ ಸೆರೆಯಲ್ಲಿ ಸಾಯುತ್ತಾನೆ, ಮಗಳು ಸೇತುವೆಯಿಂದ ಹಾರುತ್ತಾಳೆ.

ಆಗ ಒಬ್ಬ ಮಹತ್ವದ ಓದುಗ ಆಕ್ಷೇಪ ಎತ್ತಿದ. ಅವನೇ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. ಕ್ರೂಕ್‌ಶಾಂಕನ ಕೈಚಳಕವನ್ನು ಮೆಚ್ಚುತ್ತಲೇ, 1848ರಲ್ಲಿ 'ಎಕ್ಸಾಮಿನರ್' ಪತ್ರಿಕೆಯಲ್ಲಿ ಅವನು ಎತ್ತಿದ ಪ್ರಶ್ನೆಯ ಸಾರ ಇಷ್ಟು: ಸುಖವಾಗಿದ್ದ ಸಂಸಾರಕ್ಕೆ ಸೀಸೆ ಆಕಾಶದಿಂದ ಇಳಿಯಿತೆ? ಗಾಳಿಯಿಲ್ಲದ ಮನೆ, ಕೊಳಕು ನೀರು, ದಣಿವು, ಅಜ್ಞಾನ ಇವು ಜನರನ್ನು ಹೆಂಡದಂಗಡಿಗೆ ನೂಕುತ್ತವೆ. ಆ ಕಾರಣಗಳನ್ನು ಬರೆಯದೆ ಕುಡುಕನನ್ನು ಮಾತ್ರ ಬರೆದರೆ ಅರ್ಧ ಸತ್ಯವಾಗುತ್ತದೆ. ಹೋಗಾರ್ತ್ ತನ್ನ 1751ರ 'ಜಿನ್ ಲೇನ್' ಚಿತ್ರದಲ್ಲಿ ಇಡೀ ಬೀದಿಯ ದುರವಸ್ಥೆಯನ್ನೇ ಬರೆದಿದ್ದ ಎಂದು ಡಿಕನ್ಸ್ ನೆನಪಿಸಿದ. ಚಿತ್ರವನ್ನು ಹೀಗೆ ಓದಬೇಕು. ಕಾಣುವುದರ ಜೊತೆಗೆ ಕಾಣದ್ದನ್ನೂ ಕೇಳಬೇಕು. 'ದಿ ಬಾಟಲ್'ನಲ್ಲಿ ಕುಡಿದವನ ಗತಿ ಇದೆ. ಸೀಸೆ ಮಾರಿ ಲಾಭ ಮಾಡಿದವನ ಮನೆಯ ಚಿತ್ರ ಎಂಟರಲ್ಲಿ ಒಂದೂ ಇಲ್ಲ.

ಬಣ್ಣದ ಕಲ್ಲಚ್ಚು ನಿಜವಾಗಿ ಮೆರೆದದ್ದು ಮುಂದಿನ ದಶಕಗಳಲ್ಲಿ, ಹಾಡಿನ ಪುಸ್ತಿಕೆಗಳ ಮುಖಪುಟದ ಮೇಲೆ. ಲಂಡನ್ನಿನ 'ಮ್ಯೂಸಿಕ್ ಹಾಲ್'ಗಳೆಂದರೆ ಪಾನಗೃಹ ಮತ್ತು ನಾಟಕಶಾಲೆ ಎರಡೂ ಕೂಡಿದ ಜಾಗ. ಅಲ್ಲಿ ಜನಪ್ರಿಯವಾದ ಹಾಡನ್ನು ಮನೆಯ ಪಿಯಾನೋದಲ್ಲಿ ನುಡಿಸಲು ಜನ ಕೊಳ್ಳುತ್ತಿದ್ದರು. ಆಲ್ಫ್ರೆಡ್ ಕಾನ್‌ಕಾನೆನ್‌ನಂಥ ಕಲಾವಿದರು ಅವಕ್ಕೆ ಹೊಳೆಹೊಳೆವ ಬಣ್ಣದ ಮುಖಪುಟ ಬರೆದರು. ಎತ್ತರದ ಟೋಪಿ, ತಿರುವಿದ ಮೀಸೆ, ಕೈಕೋಲು, ಬಾಯಲ್ಲಿ ಚುಟ್ಟ ಹಿಡಿದ ಶೋಕಿಲಾಲ ಇವುಗಳ ನಾಯಕ. 1866ರ 'ಶಾಂಪೇನ್ ಚಾರ್ಲಿ' ಹಾಡು ಇಂಥವನದೇ. ಅದನ್ನು ಹಾಡಿ ಹೆಸರಾದ ಜಾರ್ಜ್ ಲೇಬರ್ನ್ ಬಡ ದುಡಿಮೆಗಾರರ ನಡುವಿನಿಂದ ಬಂದವನು. ವೇದಿಕೆಯ ಮೇಲೆ ಶ್ರೀಮಂತನ ವೇಷ ಹಾಕಿ, 1884ರಲ್ಲಿ ಬಡತನದಲ್ಲೇ ತೀರಿಕೊಂಡ. ಮುಖಪುಟ ಅವನನ್ನು ಗೇಲಿ ಮಾಡುತ್ತಿದೆಯೋ, ಅವನಂತಾಗು ಎಂದು ಕರೆಯುತ್ತಿದೆಯೋ ಹೇಳುವುದು ಕಷ್ಟ. ಎರಡನ್ನೂ ಮಾಡುತ್ತಿದೆ ಎಂಬುದೇ ಸರಿ. ಆಮಿಷವನ್ನು ಬೈಯುವ ಕಾಗದವೇ ಆಮಿಷವನ್ನು ಚೆಂದವಾಗಿ ಬಣ್ಣ ಹಚ್ಚಿ ಮಾರುತ್ತಿತ್ತು. ನಮ್ಮ ಕಾಲದ ಜಾಹೀರಾತುಗಳನ್ನು ನೋಡುವವರಿಗೆ ಇದು ಹೊಸದೆನಿಸದು.

ಕಾಳಿಘಾಟಿನ ಬಾಬು

ಇಂಗ್ಲಿಷರ ರಾಜಧಾನಿಯಾಗಿದ್ದ ಕಲಕತ್ತೆಯಲ್ಲಿ ಇಂಥದೇ ಕಥೆ ಬೇರೆ ಬಣ್ಣದಲ್ಲಿ ನಡೆಯಿತು. ಕಾಳಿಘಾಟಿನ ಈಗಿನ ದೇವಾಲಯ 1809ರಲ್ಲಿ ಪೂರ್ಣಗೊಂಡಿತು. ಯಾತ್ರಿಕರು ಹೆಚ್ಚಿದರು. ಹಳ್ಳಿಗಳಲ್ಲಿ ಉದ್ದನೆಯ ಸುರುಳಿಚಿತ್ರ ಬಿಚ್ಚಿ ಹಾಡುತ್ತ ಕಥೆ ಹೇಳುತ್ತಿದ್ದ ಪಟುವಾ ಎಂಬ ಚಿತ್ರಗಾರರು ಗುಡಿಯ ಸುತ್ತ ಬಂದು ನೆಲೆಸಿದರು. ಯಾತ್ರಿಕನಿಗೆ ಸುರುಳಿ ಬೇಡ. ಮಡಿಸಿ ಒಯ್ಯುವ ಒಂದು ಹಾಳೆ ಸಾಕು. ಹೀಗೆ ಗಿರಣಿಯ ಅಗ್ಗದ ಕಾಗದದ ಮೇಲೆ ನೀರುಬಣ್ಣದಲ್ಲಿ, ಮನೆಮಂದಿಯೆಲ್ಲ ಕೆಲಸ ಹಂಚಿಕೊಂಡು, ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ತುಂಬಿ ರಾಶಿರಾಶಿ ಚಿತ್ರ ಬರೆದರು. ಇವು ಅಚ್ಚಿನವಲ್ಲ, ಕೈಯವು. ಆದರೆ ಅದೇ ಕಲಕತ್ತೆಯ ಬಟ್ಟಲಾ ಎಂಬ ಅಚ್ಚುಕೂಟಗಳ ಬಡಾವಣೆಯಲ್ಲಿ ಮರದಚ್ಚಿನ ಚಿತ್ರಗಳು ಇವುಗಳೊಂದಿಗೆ ಪೈಪೋಟಿಗೆ ಇಳಿದವು. ಕಪ್ಪು ಗೆರೆಯ ಆ ಅಚ್ಚುಗಳಿಗೂ ಕೈಯಿಂದ ಬಣ್ಣ ಬಳಿಯಲಾಗುತ್ತಿತ್ತು.

ದೇವರ ಚಿತ್ರದ ಜೊತೆ ಪಟ್ಟಣವೂ ಬಂತು. ಪಟ್ಟಣವೆಂದರೆ ಬಾಬು. ಹೊಸ ದುಡ್ಡು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ನೆರಿಗೆ ಹಿಡಿದ ಧೋತರ, ಕಾಲಿಗೆ ವಿಲಾಯತಿ ಬೂಟು, ಕೈಯಲ್ಲಿ ಹುಕ್ಕಾದ ನಳಿಗೆ. ಒಂದು ಚಿತ್ರದಲ್ಲಿ ಬಾಬು ಕುರಿಯಾಗಿದ್ದಾನೆ, ಅವನ ಪ್ರೇಯಸಿ ಹಗ್ಗ ಹಿಡಿದಿದ್ದಾಳೆ. ಇನ್ನೊಂದರಲ್ಲಿ ಹೆಣ್ಣು ಪೊರಕೆ ಎತ್ತಿದ್ದಾಳೆ, ಬಾಬು ನೆಲಕ್ಕೆ ಬಿದ್ದಿದ್ದಾನೆ. ಮತ್ತೊಂದರಲ್ಲಿ ಹಣೆಗೆ ನಾಮ ಹಚ್ಚಿದ ಬೆಕ್ಕು ಬಾಯಲ್ಲಿ ಸಿಗಡಿ ಕಚ್ಚಿ ಕೂತಿದೆ. ಸಿಗಡಿಯ ರುಚಿ ಬಲ್ಲ ನಮ್ಮ ಕರಾವಳಿಯವರಿಗೆ ಆ ಬೆಕ್ಕಿನ ಮುಖದ ಸಂತೃಪ್ತಿ ಬೇಗ ಅರ್ಥವಾಗುತ್ತದೆ. ಕನ್ನಡದಲ್ಲಿ ಕಪಟ ಸಂನ್ಯಾಸಿ ಎಂದು ಹೇಳುವುದನ್ನು ಪಟುವಾ ನಾಲ್ಕು ಗೆರೆಗಳಲ್ಲಿ ಹೇಳಿ ಮುಗಿಸಿದ.

ಇಲ್ಲಿಯವರೆಗೆ ನಗಬಹುದು. ಆದರೆ 1873ರಲ್ಲಿ ನಡೆದ ಒಂದು ಪ್ರಕರಣದ ಚಿತ್ರಗಳನ್ನು ನಗುತ್ತ ನೋಡಲಾಗುವುದಿಲ್ಲ. ಬಂಗಾಳದ ತಾರಕೇಶ್ವರದ ಬಳಿಯ ಹಳ್ಳಿಯಲ್ಲಿ ಎಲೋಕೇಶಿ ಎಂಬ ಹದಿನಾರರ ಆಸುಪಾಸಿನ ಹುಡುಗಿ ತವರಿನಲ್ಲಿದ್ದಳು. ಗಂಡ ನಬೀನಚಂದ್ರ ಕಲಕತ್ತೆಯಲ್ಲಿ ನೌಕರ. ತಾರಕೇಶ್ವರ ಗುಡಿಯ ಮಹಂತ ಮಾಧವಚಂದ್ರ ಗಿರಿಯ ಬಳಿಗೆ ಅವಳನ್ನು ಕಳಿಸಿದ್ದು, ಅವಳ ಮನೆಯವರ ಒತ್ತಾಸೆಯಿಂದಲೇ ಎಂಬ ಮಾತು ಆಗ ಎಲ್ಲೆಡೆ ಹಬ್ಬಿತ್ತು. ಸಂಬಂಧ ಬಯಲಾದಾಗ ಗಂಡ ಮೀನು ಹೆಚ್ಚುವ ಕತ್ತಿಯಿಂದ ಅವಳ ಕೊರಳು ಕಡಿದ. ಮಹಂತನಿಗೆ ಮೂರು ವರ್ಷದ ಕಠಿಣ ಸಜೆ ಮತ್ತು ಎರಡು ಸಾವಿರ ರೂಪಾಯಿ ದಂಡ. ಗಂಡನಿಗೆ ಜೀವಾವಧಿ ಗಡೀಪಾರು. ಜನ ಗಂಡನ ಪರವಾಗಿ ಅರ್ಜಿಯ ಮೇಲೆ ಅರ್ಜಿ ಹಾಕಿದರು. 1875ರಲ್ಲಿ ಅವನ ಬಿಡುಗಡೆಯಾಯಿತು.

ಕಾಳಿಘಾಟಿನ ಚಿತ್ರಗಾರರು, ಮರದಚ್ಚಿನವರು ಈ ಕಥೆಯನ್ನು ಕಂತು ಕಂತಾಗಿ ಬರೆದು ಮಾರಿದರು. ಮಹಂತ ಎಲೋಕೇಶಿಯನ್ನು ಭೇಟಿಯಾಗುವುದು, ಗಂಡ ಕತ್ತಿ ಎತ್ತುವುದು, ನ್ಯಾಯಾಲಯ, ಸೆರೆಮನೆಯಲ್ಲಿ ಗಾಣ ತಿರುಗಿಸುತ್ತಿರುವ ಮಹಂತ. ಮಠಾಧಿಪತಿಯೊಬ್ಬನನ್ನು ಗಾಣಕ್ಕೆ ಕಟ್ಟಿದಂತೆ ಬರೆಯಲು ಧೈರ್ಯ ಬೇಕು. ಈ ಮಟ್ಟಿಗೆ ಪಟುವಾನ ಕುಂಚ ಸೀಸೆಯ ಚಿತ್ರಕಾರನಿಗಿಂತ ಮುಂದೆ ಹೋಯಿತು. ಆದರೆ ಕೆಲವು ಹಾಳೆಗಳಲ್ಲಿ ಸತ್ತ ಹುಡುಗಿಯೂ ಕುರ್ಚಿಯ ಮೇಲೆ ಕುಳಿತ ಬೆಡಗಿಯಾಗಿ, ಗಂಡಸನ್ನು ಸೆಳೆಯುವವಳಾಗಿಯೇ ಕಾಣುತ್ತಾಳೆ. ಅವಳನ್ನು ಅಲ್ಲಿಗೆ ಕಳಿಸಿದ ಮನೆಯ ಹಿರಿಯರಿಗೆ ಚಿತ್ರದಲ್ಲಿ ದೊಡ್ಡ ಜಾಗವಿಲ್ಲ. ಆಮಿಷ ಎಂಬುದಕ್ಕೆ ಒಂದು ಮುಖ ಬೇಕೆಂದಾಗ ಚಿತ್ರಕಾರನ ಕೈ ತಾನಾಗಿ ಹೆಣ್ಣಿನ ಮುಖ ಬರೆಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಇಡೀ ಪರಂಪರೆಯ ಕುಂದು ಅದೇ.

ಮುಂದೆ ಕಲ್ಲಚ್ಚಿನ ಅಗ್ಗದ ಬಣ್ಣದ ಪಟಗಳು ಬಂದು ಕಾಳಿಘಾಟಿನ ಕುಂಚವನ್ನೇ ಮೂಲೆಗೆ ತಳ್ಳಿದವು. 1878ರಲ್ಲಿ ಅನ್ನದಾಪ್ರಸಾದ ಬಾಗ್ಚಿ ಮತ್ತು ಶಿಷ್ಯರು ಆರಂಭಿಸಿದ ಕಲಕತ್ತಾ ಆರ್ಟ್ ಸ್ಟುಡಿಯೋ ಆ ಹೊಸ ಅಲೆಯದು. ವಿಡಂಬನೆಯ ಕಲ್ಲಚ್ಚು ಮತ್ತೆ ಎತ್ತರಕ್ಕೇರಿದ್ದು 1917ರಲ್ಲಿ, ಗಗನೇಂದ್ರನಾಥ ಠಾಕೂರರ ಸಂಪುಟಗಳಲ್ಲಿ. ಅಷ್ಟರಲ್ಲಿ ವಿಕ್ಟೋರಿಯಾ ಕಾಲ ಮುಗಿದಿತ್ತು.

ಕುಮಟೆಯ ಹತ್ತಿ, ಮುಂಬಯಿಯ ಮೋಜು

ನಮ್ಮ ಕರಾವಳಿಗೆ ಬರೋಣ. ಕುಮಟೆ ಇಂದು ರಾಷ್ಟ್ರೀಯ ಹೆದ್ದಾರಿಯ ಮೇಲಿನ ಒಂದು ತಾಲೂಕು ಕೇಂದ್ರ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದರ ಹೆಸರು ಲಿವರ್‌ಪೂಲಿನ ಹತ್ತಿ ಪೇಟೆಯಲ್ಲಿ ಕೇಳಿಬರುತ್ತಿತ್ತು. ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ 'ಕುಮಟಾ ಹತ್ತಿ'. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತು, ಭಾರತದ ಹತ್ತಿಯ ಬೆಲೆ ಗಗನಕ್ಕೇರಿತು. ಇದೇ ಹೊತ್ತಿಗೆ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿಗೂ ವ್ಯಾಪಾರಕ್ಕೂ ಓದಿಗೂ ದಾರಿ ಮುಂಬಯಿಯ ಕಡೆ ತಿರುಗಿತು.

ಆ ಹತ್ತಿಯ ಹಣ ಮುಂಬಯಿಯಲ್ಲಿ ಏನು ಮಾಡಿತು? ಷೇರುಗಳ ಹುಚ್ಚು ಹಬ್ಬಿಸಿತು, 1865ರಲ್ಲಿ ಯುದ್ಧ ಮುಗಿದೊಡನೆ ಎಷ್ಟೋ ಜನರನ್ನು ದಿವಾಳಿ ಮಾಡಿತು. ನಾಟಕಶಾಲೆ, ಕುದುರೆ ಪಂದ್ಯ, ಸಂಜೆಯ ಸಾರೋಟು ಸವಾರಿ ಎಲ್ಲ ಅಲ್ಲಿದ್ದವು. ಲಂಡನ್ನಿನಲ್ಲಿ 1841ರಲ್ಲಿ ಹುಟ್ಟಿದ 'ಪಂಚ್' ಪತ್ರಿಕೆಯ ಮಾದರಿಯಲ್ಲಿ 1854ರಲ್ಲೇ ಮುಂಬಯಿಗೆ 'ಪಾರ್ಸಿ ಪಂಚ್' ಬಂದಿತ್ತು; ಅದೇ ಮುಂದೆ 'ಹಿಂದಿ ಪಂಚ್' ಆಯಿತು. ಅದರ ವ್ಯಂಗ್ಯಚಿತ್ರಗಳು ರಾಜಕೀಯವನ್ನೂ ಪಟ್ಟಣದ ನಡವಳಿಕೆಯನ್ನೂ ಕೆಣಕಿದವು.

ಹೋದ ಹತ್ತಿ ಬಟ್ಟೆಯಾಗಿ ಹಿಂತಿರುಗಿತು. ಮ್ಯಾಂಚೆಸ್ಟರಿನ ಬಟ್ಟೆಯ ಥಾನುಗಳಿಗೆ ಅಂಟಿಸಿ ಕಳಿಸುತ್ತಿದ್ದ ಬಣ್ಣದ ಚೀಟಿಗಳೂ ಕಲ್ಲಚ್ಚಿನವೇ. ಓದಲು ಬಾರದ ಗಿರಾಕಿ ಗುರುತು ಹಿಡಿಯಲೆಂದು ಅವುಗಳ ಮೇಲೆ ಹುಲಿ, ಆನೆ, ದೇವರು, ಸುಂದರಿಯರು. ಹಾಗೆ ನೋಡಿದರೆ ಬಟ್ಟೆ ವ್ಯಾಪಾರಕ್ಕೆ ಹೆಸರಾದ ಭಟ್ಕಳದ ನವಾಯತ ವ್ಯಾಪಾರಿಗಳಂಥವರ ಕೈಯಲ್ಲಿ ಹಾಯ್ದುಹೋದ ಬಣ್ಣದಚ್ಚಿಗೆ ಲೆಕ್ಕವಿಲ್ಲ. ಆದರೆ ಕಾಳಿಘಾಟಿನಂಥ ಚಿತ್ರದ ಪೇಟೆ ಇಲ್ಲಿ ಬೆಳೆಯಲಿಲ್ಲ. ಅದಕ್ಕೆ ವರ್ಷವಿಡೀ ಮುಗಿಬೀಳುವ ಯಾತ್ರಿಕರೂ ದೊಡ್ಡ ಪಟ್ಟಣವೂ ಬೇಕು. ಇಲ್ಲಿಯ ಗುಡಿಗಾರರ ಕೈ ಗಂಧದ ಮರದ ಮೇಲೆ ಓಡುತ್ತಿತ್ತು. ಗುಡಿಗಳ ಗೋಡೆಯ ಮೇಲೆ ಸುಣ್ಣದ ಗಾರೆ ಗೀರಿ ಮಾಡುವ ಕಾವಿ ಚಿತ್ರಗಳಲ್ಲಿ ಪುರಾಣಕ್ಕೇ ಮೊದಲ ಮಣೆ.

ಗೋಡೆಯ ಪಟಗಳಲ್ಲೂ ಹಾಗೇ ಆಯಿತು. 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ಮುಂದಾಳ್ತನದಲ್ಲಿ ಪುಣೆಯಲ್ಲಿ ಚಿತ್ರಶಾಳಾ ಮುದ್ರಣಾಲಯ ಆರಂಭವಾಯಿತು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯ ಗಿರಗಾಂವಿಯಲ್ಲಿ ಜರ್ಮನ್ ಯಂತ್ರ, ಜರ್ಮನ್ ಕುಶಲಿಗಳನ್ನು ತರಿಸಿ ತನ್ನ ಮುದ್ರಣಾಲಯ ತೆರೆದ. ಅಲ್ಲಿ ಅಚ್ಚಾದ ಮೊದಲ ಪಟ 'ಶಕುಂತಲಾ ಜನ್ಮ'. ಮೇನಕೆ ಕೂಸನ್ನು ಎತ್ತಿ ಹಿಡಿದಿದ್ದಾಳೆ. ವಿಶ್ವಾಮಿತ್ರ ಕೈ ಅಡ್ಡ ಹಿಡಿದು ಮುಖ ತಿರುಗಿಸಿದ್ದಾನೆ. ಇದನ್ನು ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದವರು ವಿಡಂಬನೆ ಎಂದು ತಿಳಿದಿರಲಿಕ್ಕಿಲ್ಲ. ರವಿವರ್ಮನ ಉದ್ದೇಶವೂ ಅದಾಗಿರಲಿಲ್ಲ. ಆದರೂ ಆ ಅಡ್ಡ ಹಿಡಿದ ಕೈಯನ್ನು ನೋಡಿ. ಮೋಹಕ್ಕೆ ಒಳಗಾದವನು ಋಷಿ, ಕೂಸನ್ನು ಹೊತ್ತು ನಿಂತವಳು ಮೇನಕೆ.

ಕರ್ಕಿಯ ನಗೆ

ಹಾಗಾದರೆ ತನ್ನ ಕಾಲದ ಮನುಷ್ಯರನ್ನು ಹೆಸರಿಟ್ಟು ಗೇಲಿ ಮಾಡುವ ಕೆಲಸ ನಮ್ಮ ಕರಾವಳಿಯಲ್ಲಿ ನಡೆಯಲೇ ಇಲ್ಲವೆ? ನಡೆಯಿತು, ಮಾತಿನಲ್ಲಿ ನಡೆಯಿತು. ಯಕ್ಷಗಾನದ ರಾಜ ಗ್ರಂಥದ ಕನ್ನಡ ಆಡುವಾಗ ಪಕ್ಕದಲ್ಲೇ ಹಾಸ್ಯಗಾರ ಮನೆಯ ಕನ್ನಡ ಆಡುತ್ತಾನೆ. ದೂತನಾಗಿ, ಮುದುಕಿಯಾಗಿ, ಪುರೋಹಿತನಾಗಿ ಬಂದು, ಎದುರು ಕೂತ ಊರವರ ಜಿಪುಣತನವನ್ನೂ ಡಂಭವನ್ನೂ ಪುರಾಣದೊಳಗೆ ಎಳೆತರುತ್ತಾನೆ. ಹೊನ್ನಾವರ ತಾಲೂಕಿನ ಕರ್ಕಿ ಇದಕ್ಕೆ ಹೆಸರಾದ ಊರು; ಅಲ್ಲಿ ಹಾಸ್ಯಗಾರ ಎಂಬುದು ಮನೆತನದ ಹೆಸರೇ ಆಗಿದೆ. 1842ರಲ್ಲಿ ಸಾಂಗ್ಲಿಯ ಅರಸರ ಮುಂದೆ ಆಡಿದ ಕನ್ನಡ ಭಾಗವತ ಮೇಳ ಕರ್ಕಿಯದೆಂದು ರಂಗಭೂಮಿಯ ಇತಿಹಾಸ ಬರೆದವರು ಹೇಳುತ್ತಾರೆ. ಅದನ್ನು ನೋಡಿದ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. ಹತ್ತು ವರ್ಷದೊಳಗೆ ಭಾವೆಯವರ ತಂಡ ಮುಂಬಯಿಯ ಗ್ರಾಂಟ್ ರೋಡ್ ನಾಟಕಶಾಲೆಯಲ್ಲಿ ಟಿಕೆಟ್ಟಿಗೆ ಆಡುತ್ತಿತ್ತು. ಬಯಲಾಟ ಪಟ್ಟಣದ ಮೋಜಾದ ಬಗೆ ಇದು.

ಅದೇ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಪ್ರಕಟಿಸಿದರು. ಕನ್ಯಾವಿಕ್ರಯದ ಪರಿಣಾಮ ಎಂಬುದು ಹೆಸರಿನ ಜೊತೆಗೇ ಬರುವ ಇನ್ನೊಂದು ಹೆಸರು. ಆಧುನಿಕ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕ ಎಂದು ಇದನ್ನು ವಿದ್ವಾಂಸರು ಗುರುತಿಸಿದ್ದಾರೆ. ಹಣ ಪಡೆದು ಎಳೆಯ ಹೆಣ್ಣುಮಗುವನ್ನು ಮದುವೆ ಮಾಡಿಕೊಡುವ ಪದ್ಧತಿ ಆಗ ಇತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ರೂಪಾಯಿ, ಇನ್ನೊಂದರಲ್ಲಿ ಮಗಳು. ವರನ ವಯಸ್ಸನ್ನು ಕೇಳುವವರಿಲ್ಲ. ಮುದುಕ ವರ ತೀರಿಕೊಂಡರೆ ಹುಡುಗಿಯ ಉಳಿದ ಬಾಳೆಲ್ಲ ವೈಧವ್ಯ. ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾನೂನು ಬಂದದ್ದೇ 1891ರಲ್ಲಿ, ಅದೂ ದೇಶವಿಡೀ ಗದ್ದಲವೆದ್ದ ಮೇಲೆ. ಇದೇ ವಿಷಯದ ಮೇಲೆ ಗೋವಿಂದ ಬಲ್ಲಾಳ ದೇವಲರು ಬರೆದ ಪ್ರಸಿದ್ಧ ಮರಾಠಿ ನಾಟಕ 'ಶಾರದಾ' 1899ರದು. ಕರ್ಕಿಯ ಪ್ರಹಸನ ಅದಕ್ಕಿಂತ ಹನ್ನೆರಡು ವರ್ಷ ಹಿರಿದು.

ಲಂಡನ್ನಿನ ಸೀಸೆಯ ಚಿತ್ರ, ಕಲಕತ್ತೆಯ ಬಾಬುವಿನ ಪಕ್ಕ ಇದನ್ನು ಇಟ್ಟು ನೋಡಿ. ಶಾಸ್ತ್ರಿಗಳು ನಗೆಗೀಡು ಮಾಡಲು ದೂರದ ಪಟ್ಟಣಕ್ಕೆ ಹೋಗಲಿಲ್ಲ, ಶೋಕಿಲಾಲನನ್ನೂ ಹುಡುಕಲಿಲ್ಲ. ತಮ್ಮದೇ ಹವ್ಯಕ ಸಮಾಜದ ಮರ್ಯಾದಸ್ಥ ಗೃಹಸ್ಥನನ್ನು, ಹವ್ಯಕರ ಮನೆಮಾತಿನಲ್ಲೇ ರಂಗಕ್ಕೆ ತಂದರು. ಮಾರುವವನು, ಕೊಳ್ಳುವವನು ಇಬ್ಬರೂ ಬೆಳಕಿಗೆ ಬಂದರು. ಆಮಿಷಕ್ಕೆ ಇಲ್ಲಿ ಹೆಣ್ಣಿನ ಮುಖವಿಲ್ಲ. ದುಡ್ಡಿನ ಚೀಲವೇ ಆಮಿಷ. ಡಿಕನ್ಸ್ ಕೇಳಿದ ಪ್ರಶ್ನೆಗೆ ಹೊನ್ನಾವರದ ಹತ್ತಿರದ ಹಳ್ಳಿಯೊಂದರ ಪಂಡಿತರು, ಅದನ್ನು ಓದಿದ್ದರೋ ಇಲ್ಲವೋ, ನಾಟಕದಲ್ಲಿ ಉತ್ತರ ಕೊಟ್ಟಂತಾಯಿತು. ಸ್ವಂತ ಜನರನ್ನು ಗೇಲಿ ಮಾಡುವುದು ಪರರನ್ನು ಗೇಲಿ ಮಾಡಿದಷ್ಟು ಸುಲಭವಲ್ಲ. ಮರುದಿನ ಅದೇ ಊಟದ ಪಂಕ್ತಿಯಲ್ಲಿ ಕೂರಬೇಕು. ಶಾಸ್ತ್ರಿಗಳು ನಾಲ್ವತ್ತರ ಸುಮಾರಿನಲ್ಲೇ, 1892ರಲ್ಲಿ ತೀರಿಕೊಂಡರು. ದಕ್ಷಿಣಕ್ಕೆ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ 1899ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಕಪಟ ಸಾಧುಗಳನ್ನೂ ಲಂಚಕೋರರನ್ನೂ ಬಯಲಿಗೆಳೆದ ಅದು ವಿಧವೆ ಹುಡುಗಿಗೆ ಓದು ಕೊಡಿಸಿ ಮರುಮದುವೆಯನ್ನೂ ಮಾಡಿಸಿತು. ಕಾಳಿಘಾಟಿನ ನಾಮದ ಬೆಕ್ಕು ಕನ್ನಡದ ಪುಟಗಳಲ್ಲಿ ಓಡಾಡಿದ್ದು ಹೀಗೆ.

ವಿಕ್ಟೋರಿಯಾ ಕಾಲದ ಈ ಚಿತ್ರಗಳನ್ನು ನೋಡಬೇಕೆಂದರೆ ಕಾಳಿಘಾಟಿನ ಚಿತ್ರಗಳ ದೊಡ್ಡ ಸಂಗ್ರಹ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಒಂದು ಪಾಲು ಲಾಕ್‌ವುಡ್ ಕಿಪ್ಲಿಂಗ್ ಸಂಗ್ರಹಿಸಿ, ಅವರ ಮಗ, ಲೇಖಕ ರಡ್‌ಯಾರ್ಡ್ ಕಿಪ್ಲಿಂಗ್ 1917ರಲ್ಲಿ ಕೊಟ್ಟದ್ದು. ಕೊಲ್ಕತ್ತೆಯ ವಿಕ್ಟೋರಿಯಾ ಸ್ಮಾರಕದಲ್ಲೂ ಇವೆ. ರವಿವರ್ಮನ ಮೂಲ ತೈಲಚಿತ್ರಗಳಿಗೆ ಮೈಸೂರಿನ ಜಗನ್ಮೋಹನ ಅರಮನೆಯಿದೆ. ಕಲ್ಲಚ್ಚಿನ ಪಟ ನೋಡಲು ಮಾತ್ರ ಅಷ್ಟು ದೂರ ಹೋಗಬೇಕಿಲ್ಲ. ಅಜ್ಜನ ಮನೆಯ ಗೋಡೆಯಿಂದ ಒಂದನ್ನು ಮೆಲ್ಲಗೆ ಇಳಿಸಿ, ಬಿಳಿ ಅಂಚು ಉಳಿದಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು, ಊರು ಇದೆಯೇ ನೋಡಿ. ಆಮೇಲೆ ಒಂದು ಭೂತಗನ್ನಡಿ ಹಿಡಿಯಿರಿ. ಚುಕ್ಕೆಗಳು ಒಂದೇ ಅಂತರದಲ್ಲಿ, ಹೂವಿನ ಎಸಳಿನಂತೆ ಸುತ್ತಿಕೊಂಡಿದ್ದರೆ ಅದು ಈಚಿನ ಆಫ್‌ಸೆಟ್ ಅಚ್ಚು. ಅಡ್ಡಾದಿಡ್ಡಿಯಾಗಿ ಚದುರಿ, ಕೆಲವು ಒಂದರ ಮೇಲೊಂದು ಹತ್ತಿ ಕೂತಿದ್ದರೆ, ಯಾರೋ ಕುಶಲಿ ಬಣ್ಣಕ್ಕೊಂದು ಕಲ್ಲಿನಂತೆ ಆ ಚುಕ್ಕೆಗಳನ್ನು ಕೈಯಿಂದಲೇ ಇಟ್ಟಿದ್ದಾನೆ. ಪಟದ ಹಿಂದೆ ಗೆದ್ದಲು ಹತ್ತಿದ್ದರೆ ಕಟ್ಟು ಬಿಚ್ಚಿ ಬಿಸಿಲಿಗಿಡಬೇಡಿ, ಬಣ್ಣ ಹಾರಿಹೋಗುತ್ತದೆ. ನೆರಳಿನಲ್ಲಿ ಗಾಳಿಗೆ ಇಡಿ.